ಕತೆಗೂ ಮುಂಚಿನ ಮೂರು ನಿಮಿಷ

1955ರ ಡಿಸೆಂಬರ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಹೊಸ ಸಿನಿಮಾವೊಂದರ ರೀಲುಗಳು ಬಂದವು. ಜೊತೆಗೆ ಪ್ರೊಜೆಕ್ಟರ್ ಆಪರೇಟರ್‌ಗೆಂದೇ ಒಂದು ಚೀಟಿ ಇತ್ತು. ಟೈಟಲ್ ಶುರುವಾಗುವ ಮೊದಲೇ ಪರದೆ ಸರಿಸಿಬಿಡಿ ಎಂಬುದು ಅದರ ತಾತ್ಪರ್ಯ.

ಇದನ್ನೂ ಹೇಳಬೇಕೇ ಎನ್ನಿಸಬಹುದು. ಆ ಕಾಲಕ್ಕೆ ಹೇಳಲೇಬೇಕಿತ್ತು. ಬೆಳ್ಳಿತೆರೆಯ ಮುಂದೆ ಬಟ್ಟೆಯ ಪರದೆ ಇರುತ್ತಿದ್ದ ದಿನಗಳವು. ನಟರು, ತಂತ್ರಜ್ಞರ ಹೆಸರುಗಳು ಎಷ್ಟೋ ಕಡೆ ಆ ಮಡಿಕೆ ಬಿದ್ದ ಬಟ್ಟೆಯ ಮೇಲೇ ಮೂಡಿ, ಅಲ್ಲೇ ಮುಗಿದುಹೋಗುತ್ತಿದ್ದವು. ಕತೆ ಶುರುವಾಗುವ ಹೊತ್ತಿಗೆ ಆಪರೇಟರ್ ಪರದೆ ಎಳೆಯುತ್ತಿದ್ದ. ಅಲ್ಲಿಯವರೆಗೆ ಜನ ಸೀಟು ಹುಡುಕುತ್ತ, ಪಾಪ್‌ಕಾರ್ನ್ ಮೆಲ್ಲುತ್ತ, ಪಕ್ಕದವರೊಂದಿಗೆ ಹರಟುತ್ತ ಇರುತ್ತಿದ್ದರು. ಈಗ ನಾವು ಮೊಬೈಲ್‌ನಲ್ಲಿ ‘ಸ್ಕಿಪ್ ಇಂಟ್ರೊ’ ಒತ್ತುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಮನಸ್ಥಿತಿ.

ಆ ಸಿನಿಮಾದ ಹೆಸರು ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’. ನಿರ್ದೇಶಕ ಒಟ್ಟೊ ಪ್ರೆಮಿಂಜರ್. ಹೆರಾಯಿನ್ ಚಟಕ್ಕೆ ಬಿದ್ದು ಒದ್ದಾಡುವವನ ಪಾತ್ರದಲ್ಲಿ ಫ್ರಾಂಕ್ ಸಿನಾತ್ರ. ಮಾದಕ ವಸ್ತುವಿನ ಕತೆ ಎಂಬ ಕಾರಣಕ್ಕೆ ಹಾಲಿವುಡ್‌ನ ಅಂದಿನ ಸೆನ್ಸಾರ್ ವ್ಯವಸ್ಥೆ ಅದಕ್ಕೆ ಮುದ್ರೆ ಒತ್ತಲು ಒಪ್ಪಿರಲಿಲ್ಲ. ಪರದೆ ಸರಿದಾಗ ಜನರಿಗೆ ಕಂಡದ್ದು ನಟನ ಮುಖವಲ್ಲ, ಊರಿನ ಬೀದಿಯೂ ಅಲ್ಲ. ಕಪ್ಪು ತೆರೆಯ ಮೇಲೆ ಒಂದು ಬಿಳಿ ಪಟ್ಟಿ. ಜಾಝ್ ಸಂಗೀತ ಏರಿದಂತೆ ಇನ್ನೊಂದು, ಮತ್ತೊಂದು. ಪಟ್ಟಿಗಳು ಬರುತ್ತವೆ, ಹೋಗುತ್ತವೆ, ಒಂದಕ್ಕೊಂದು ಹೊಂದುವುದೇ ಇಲ್ಲ. ಕೊನೆಗೆ ಅವೆಲ್ಲ ಸೇರಿ ಸೊಟ್ಟಗೆ ತಿರುಚಿಕೊಂಡ ಒಂದು ತೋಳಾಗುತ್ತದೆ. ಸೂಜಿ ಇಲ್ಲ, ಅಮಲು ಇಲ್ಲ. ಆದರೂ ಸಂಕಟದ ಕತೆಯೊಂದು ಬರುತ್ತಿದೆ ಎಂದು ನೋಡುವವನ ಮೈಗೆ ಗೊತ್ತಾಗಿಬಿಡುತ್ತದೆ.

ಇದನ್ನು ಮಾಡಿದವನು 35 ವರ್ಷದ ಗ್ರಾಫಿಕ್ ಡಿಸೈನರ್ ಸಾಲ್ ಬ್ಯಾಸ್.

ಬ್ಯಾಸ್ ಹುಟ್ಟಿದ್ದು 1920ರ ಮೇ 8ರಂದು, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ಅಪ್ಪ ಅಮ್ಮ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳು. ಅಪ್ಪನದು ತುಪ್ಪಳದ ಉಡುಪಿನ ಕಸುಬು. ಹುಡುಗ ಮೊದಲಿನಿಂದಲೂ ಚಿತ್ರ ಬರೆಯುತ್ತಿದ್ದ. ಹೈಸ್ಕೂಲು ಮುಗಿದ ಮೇಲೆ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿತು, ಸಿನಿಮಾ ಕಂಪನಿಗಳಿಗೆ ಪತ್ರಿಕಾ ಜಾಹೀರಾತು ವಿನ್ಯಾಸ ಮಾಡುವ ಕೆಲಸ ಹಿಡಿದ. ಆಗಿನ ಸಿನಿಮಾ ಜಾಹೀರಾತು ಎಂದರೆ ಸಂತೆ. ನಾಯಕ, ನಾಯಕಿ, ಮುತ್ತು, ಬಂದೂಕು, ಬೆಂಕಿ, ದೊಡ್ಡ ಅಕ್ಷರ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುರುಕಬೇಕು. ಬ್ಯಾಸ್‌ಗೆ ಅದು ಒಗ್ಗಲಿಲ್ಲ.

ಕೆಲಸ ಮಾಡಿಕೊಂಡೇ ಆತ ಬ್ರೂಕ್ಲಿನ್ ಕಾಲೇಜಿನ ಸಂಜೆ ತರಗತಿಗೆ ಸೇರಿದ. ಅಲ್ಲಿ ಪಾಠ ಹೇಳುತ್ತಿದ್ದವರು ಹಂಗೇರಿಯಿಂದ ಬಂದ ಕಲಾವಿದ ಗ್ಯೋರ್ಗಿ ಕೆಪೆಶ್. ಬೆಳಕು, ಆಕಾರ, ಖಾಲಿ ಜಾಗ ಇವು ಕೇವಲ ಅಲಂಕಾರವಲ್ಲ, ಮಾತಿನ ಹಂಗಿಲ್ಲದೆ ತಾವೇ ಮಾತಾಡಬಲ್ಲವು ಎಂಬುದು ಕೆಪೆಶ್ ಪಾಠದ ತಿರುಳು. ಹಗಲು ಹೊಟ್ಟೆಪಾಡು, ಸಂಜೆ ಕ್ಲಾಸು. ನಮ್ಮಲ್ಲಿ ಎಷ್ಟೋ ಜನ ಈಗಲೂ ಹೀಗೇ ಓದುತ್ತಿದ್ದಾರೆ, ಹಾಗಾಗಿ ಈ ಭಾಗವನ್ನು ಹೆಚ್ಚು ಬಣ್ಣಿಸಬೇಕಿಲ್ಲ.

1946ರಲ್ಲಿ ಆತ ಲಾಸ್ ಏಂಜಲೀಸ್‌ಗೆ ಹೋದ. ಅಲ್ಲೂ ಕೆಲವು ವರ್ಷ ಜಾಹೀರಾತು ಕೆಲಸವೇ. ಪ್ರೆಮಿಂಜರ್‌ನ ‘ಕಾರ್ಮೆನ್ ಜೋನ್ಸ್’ ಚಿತ್ರಕ್ಕೆ ಒಂದು ಗುಲಾಬಿ ಮತ್ತು ಒಂದು ಜ್ವಾಲೆಯ ಲಾಂಛನ ಬರೆದುಕೊಟ್ಟ. ಅದನ್ನು ನೋಡುತ್ತಿದ್ದಾಗ ಇದು ಅಲುಗಾಡುವ ಹಾಗೆ ಯಾಕೆ ಮಾಡಬಾರದು ಎಂಬ ಮಾತು ಇಬ್ಬರ ನಡುವೆ ಬಂತು. 1954ರಲ್ಲಿ ಆ ಚಿತ್ರದ ಹೆಸರುಗಳ ಹಿಂದೆ ಜ್ವಾಲೆ ಉರಿಯಿತು. ಅಲ್ಲಿಂದ ಬ್ಯಾಸ್ ಟೈಟಲ್ ಮಾಡುವವನಾದ. ಅಂಥದ್ದೊಂದು ಉದ್ಯೋಗವನ್ನು ಜನ ಗುರುತಿಸಿರಲೇ ಇಲ್ಲ. ಹೆಸರುಗಳನ್ನು ಕಾರ್ಡಿನ ಮೇಲೆ ಬರೆದು, ಫೋಟೊ ಹಿಡಿದು, ಚಿತ್ರದ ತಲೆಗೆ ಅಂಟಿಸಿದರೆ ಮುಗಿಯಿತು ಎಂಬ ಕಾಲ.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಬ್ಯಾಸ್ ಕತೆ. ಕಾಗದ ಕತ್ತರಿಸಿ ಅಂಟಿಸುವ ಬ್ಯಾಸ್. ಇಂಟರ್‌ನೆಟ್ಟಿನಲ್ಲಿ ಅವನನ್ನು ಅನುಕರಿಸಿ ಮಾಡಿದ ಪೋಸ್ಟರ್‌ಗಳು ರಾಶಿ ಬಿದ್ದಿವೆ, ಎಲ್ಲದರಲ್ಲೂ ಅದೇ ಹರಿದ ಅಂಚಿನ ಆಕಾರಗಳು. ನನಗೆ ಹೆಚ್ಚು ಇಷ್ಟವಾದವನು ಅದರ ನಂತರದ ಬ್ಯಾಸ್. ಕತ್ತರಿಯನ್ನು ಪಕ್ಕಕ್ಕಿಟ್ಟು ಕ್ಯಾಮೆರಾ ಕೈಗೆತ್ತಿಕೊಂಡವನು.

1958ರಲ್ಲಿ ಬಂದ ಆಲ್ಫ್ರೆಡ್ ಹಿಚ್‌ಕಾಕ್‌ನ ‘ವರ್ಟಿಗೊ’ ನೋಡಿ. ಎತ್ತರಕ್ಕೆ ಹೆದರುವ ಒಬ್ಬ ಮಾಜಿ ಪತ್ತೇದಾರ, ಅವನು ಹಿಂಬಾಲಿಸುವ ಒಬ್ಬ ಹೆಣ್ಣು, ಇವರ ಕತೆ. ಟೈಟಲ್‌ನಲ್ಲಿ ಎತ್ತರದ ಕಟ್ಟಡವೂ ಇಲ್ಲ, ಪತ್ತೇದಾರನೂ ಇಲ್ಲ. ಒಬ್ಬ ಹೆಣ್ಣಿನ ಮುಖ ಇದೆ, ಅದೂ ಪೂರ್ತಿ ಇಲ್ಲ. ಕ್ಯಾಮೆರಾ ಮೊದಲು ಕೆನ್ನೆಯ ಒಂದು ಮೂಲೆಯನ್ನು ಹಿಡಿಯುತ್ತದೆ. ಮೆಲ್ಲಗೆ ತುಟಿಗೆ ಬರುತ್ತದೆ, ಅಲ್ಲಿ ಜೇಮ್ಸ್ ಸ್ಟೀವರ್ಟ್ ಹೆಸರು. ಮೇಲೇರಿ ಕಣ್ಣುಗಳಿಗೆ ಬರುತ್ತದೆ, ಅಲ್ಲಿ ಕಿಮ್ ನೊವಾಕ್ ಹೆಸರು. ಆ ಕಣ್ಣುಗಳು ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳುತ್ತವೆ. ಏನನ್ನು ನೋಡಿ ಹೆದರಿದವು ಎಂದು ನಮಗೆ ತೋರಿಸುವುದಿಲ್ಲ. ಆಮೇಲೆ ಕ್ಯಾಮೆರಾ ಒಂದೇ ಕಣ್ಣಿನ ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ, ಸಭ್ಯತೆಯ ಗೆರೆ ದಾಟಿದಷ್ಟು ಹತ್ತಿರ. ತೆರೆ ಕೆಂಪಾಗುತ್ತದೆ. ಕಣ್ಣುಗುಡ್ಡೆಯ ಆಳದಿಂದ ಚಿತ್ರದ ಹೆಸರು ಎದ್ದು ಬರುತ್ತದೆ, ಅದರ ಹಿಂದೆಯೇ ತಿರುಗುವ ಸುರುಳಿಗಳು.

ಇಲ್ಲಿ ಭಯ ಹುಟ್ಟಿಸುತ್ತಿರುವುದು ಯಾವುದು? ಮುಖ ಸುಂದರವಾಗಿದೆ, ಯಾರೂ ಕಿರುಚುತ್ತಿಲ್ಲ. ದೂರವೇ ಇಲ್ಲದಿರುವುದು ಭಯ ಹುಟ್ಟಿಸುತ್ತದೆ. ಅಪರಿಚಿತರ ಮುಖವನ್ನು ನಾವು ಯಾವತ್ತೂ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಇಂಥ ತುಂಡು ತುಂಡಾಗಿ ನೋಡುವುದಿಲ್ಲ. ಇಡೀ ಸಿನಿಮಾ ಒಬ್ಬ ಗಂಡಸು ಒಬ್ಬ ಹೆಣ್ಣನ್ನು ಕಣ್ಣು ಕೀಳದೆ ನೋಡಿ ಹಾಳಾಗುವ ಕತೆ. ಬ್ಯಾಸ್‌ನ ಕ್ಯಾಮೆರಾ ಕತೆಗೆ ಮುಂಚೆಯೇ ನಮ್ಮಿಂದಲೂ ಅದೇ ತಪ್ಪನ್ನು ಮಾಡಿಸುತ್ತದೆ.

ಆ ಸುರುಳಿಗಳ ಬಗ್ಗೆ ಒಂದು ಮಾತು. ಅವು ಲಿಸಾಜೂ ಆಕೃತಿಗಳು. ಆಸಿಲೋಸ್ಕೋಪಿನ ಎಕ್ಸ್ ಮತ್ತು ವೈ ಇನ್‌ಪುಟ್‌ಗಳಿಗೆ ಎರಡು ಸೈನ್ ತರಂಗ ಕೊಟ್ಟರೆ ತೆರೆಯ ಮೇಲೆ ಮೂಡುತ್ತವಲ್ಲ, ಅವೇ. ಲ್ಯಾಬಿನಲ್ಲಿ ನಾವು ಆ ಹಸಿರು ಗೆರೆ ನೋಡಿ, ಫ್ರೀಕ್ವೆನ್ಸಿಯ ಅನುಪಾತ ಬರೆದುಕೊಂಡು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತೇವೆ. ಬ್ಯಾಸ್‌ಗೆ ಅದೇ ಗೆರೆಯಲ್ಲಿ ತಲೆಸುತ್ತು ಕಂಡಿತು. ಅವನ್ನು ತೆರೆಗೆ ತರಲು ನೆರವಾದವನು ಜಾನ್ ವಿಟ್ನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದಿದ್ದ, ವಿಮಾನಗಳನ್ನು ಹೊಡೆಯಲು ಫಿರಂಗಿಗೆ ಗುರಿ ಲೆಕ್ಕ ಹಾಕಿಕೊಡುವ ಯಂತ್ರಗಳನ್ನು ಕೊಂಡುತಂದು, ಚಿತ್ರ ಬರೆಯುವ ಯಂತ್ರಗಳಾಗಿ ಬದಲಿಸಿಕೊಂಡ ಪ್ರಯೋಗಶೀಲ ಆತ. ಕಂಪ್ಯೂಟರ್ ಗ್ರಾಫಿಕ್ಸ್ ಇತಿಹಾಸ ಬರೆಯುವವರೆಲ್ಲ ಅವನ ಹೆಸರನ್ನು ಮೊದಲ ಪುಟಗಳಲ್ಲೇ ತರುತ್ತಾರೆ.

ಹಿಚ್‌ಕಾಕ್ ಜೊತೆ ಬ್ಯಾಸ್ ಇನ್ನೆರಡು ಚಿತ್ರ ಮಾಡಿದ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಓರೆ ಗೆರೆಗಳು ಒಂದನ್ನೊಂದು ಕತ್ತರಿಸಿ ಜಾಲರಿಯಾಗುತ್ತವೆ, ಜಾಲರಿ ಕರಗಿ ನ್ಯೂಯಾರ್ಕ್‌ನ ಗಾಜಿನ ಕಟ್ಟಡವೊಂದರ ಮೈಯಾಗುತ್ತದೆ, ಆ ಗಾಜಿನಲ್ಲಿ ಬೀದಿಯ ಕಾರುಗಳ ಪ್ರತಿಬಿಂಬ ಹರಿಯುತ್ತದೆ. ಕಾಗದದ ಬ್ಯಾಸ್ ಕ್ಯಾಮೆರಾದ ಬ್ಯಾಸ್ ಆಗಿ ಬದಲಾಗುವುದನ್ನು ಒಂದೇ ಶಾಟಿನಲ್ಲಿ ನೋಡಬೇಕಿದ್ದರೆ ಇದನ್ನು ನೋಡಬೇಕು. 1960ರ ‘ಸೈಕೊ’ದಲ್ಲಿ ಮತ್ತೆ ಗೆರೆಗಳೇ. ಹೆಸರುಗಳನ್ನು ಮಧ್ಯಕ್ಕೆ ಸೀಳುವ ಗೆರೆಗಳು.

‘ಸೈಕೊ’ ಅವನ ಬದುಕಿಗೆ ಒಂದು ಜಗಳವನ್ನೂ ತಂದಿತು. ಅದರ ಸ್ನಾನದ ಕೋಣೆಯ ಕೊಲೆಯ ದೃಶ್ಯಕ್ಕೆ ಶಾಟ್ ಶಾಟ್ ಆಗಿ ಸ್ಟೋರಿಬೋರ್ಡ್ ಬರೆದುಕೊಟ್ಟವನು ಬ್ಯಾಸ್. ಚಿತ್ರದಲ್ಲಿ ಅವನ ಹೆಸರು ಟೈಟಲ್‌ಗೂ, ದೃಶ್ಯ ಸಲಹೆಗಾರ ಎಂದು ಬೇರೆಯಾಗಿಯೂ ಇದೆ. ಮುಂದೆ ಆ ದೃಶ್ಯವನ್ನು ನಿರ್ದೇಶಿಸಿದ್ದೂ ತಾನೇ ಎಂದು ಆತ ಹೇಳಿಕೊಂಡ. ಅಂದು ಸೆಟ್‌ನಲ್ಲಿದ್ದವರು, ನಟಿ ಜಾನೆಟ್ ಲೀ ಕೂಡ, ಅದನ್ನು ಒಪ್ಪಲಿಲ್ಲ. ಕ್ಯಾಮೆರಾ ಪಕ್ಕ ನಿಂತು ನಿರ್ದೇಶಿಸಿದ್ದು ಹಿಚ್‌ಕಾಕೇ ಎಂದರು. ಇನ್ನೊಬ್ಬರ ಹೆಸರನ್ನು ತೆರೆಯ ಮೇಲೆ ಚೆಂದಗಾಣಿಸುವುದೇ ಕಸುಬಾಗಿದ್ದವನು ತನ್ನ ಪಾಲಿನ ಹೆಸರಿಗಾಗಿ ಬಡಿದಾಡಿದ್ದು ನನಗಂತೂ ಅರ್ಥವಾಗುತ್ತದೆ. ಆದರೂ ಬರೆದುಕೊಡುವುದು ಬೇರೆ, ಚಿತ್ರೀಕರಿಸುವುದು ಬೇರೆ. ಈ ವಿಚಾರದಲ್ಲಿ ಲೀ ಮಾತಿಗೇ ನನ್ನ ಓಟು.

ಇದೇ ಹೊತ್ತಿಗೆ ಅವನ ಕಚೇರಿಯಲ್ಲಿ ಎಲೇನ್ ಮಕಟೂರ ಎಂಬಾಕೆ ಕೆಲಸ ಮಾಡುತ್ತಿದ್ದಳು. ‘ಸ್ಪಾರ್ಟಕಸ್’ ಚಿತ್ರದ ಟೈಟಲ್‌ನಲ್ಲಿ ಆಕೆಯ ಕೆಲಸ ದೊಡ್ಡದು. ರೋಮನ್ ಶಿಲ್ಪಗಳ ಕೈ, ಮುಖಗಳ ಮೇಲೆ ಬೆಳಕು ನೆರಳು ಆಡುತ್ತ, ಕೊನೆಗೆ ಒಂದು ಕಲ್ಲಿನ ಮುಖ ಬಿರುಕು ಬಿಟ್ಟು ಒಡೆಯುವ ಟೈಟಲ್ ಅದು. 1961ರಲ್ಲಿ ಇಬ್ಬರೂ ಮದುವೆಯಾದರು. ಅಂದಿನಿಂದ ಎಷ್ಟೋ ಚಿತ್ರಗಳಿಗೆ ಇಬ್ಬರೂ ಕೂತು ಯೋಚಿಸಿದರು, ಚಿತ್ರೀಕರಿಸಿದರು, ಸಂಕಲಿಸಿದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಒಂದೇ ಹೆಸರು.

ಅವರ ಕೆಲಸಗಳಲ್ಲಿ ನನಗೆ ತೀರಾ ಮೆಚ್ಚುಗೆಯಾದದ್ದು ಒಂದು ಬೆಕ್ಕು. 1962ರ ‘ವಾಕ್ ಆನ್ ದ ವೈಲ್ಡ್ ಸೈಡ್’. 1930ರ ದಶಕದ ನ್ಯೂ ಆರ್ಲಿಯನ್ಸ್, ವೇಶ್ಯಾಗೃಹವೊಂದರ ಸುತ್ತ ನಡೆಯುವ ಕತೆ. ಟೈಟಲ್‌ನಲ್ಲಿ ಮನುಷ್ಯರೇ ಇಲ್ಲ. ಕತ್ತಲೆಯಿಂದ ಒಂದು ಕರಿ ಬೆಕ್ಕು ಬರುತ್ತದೆ. ಸಿಮೆಂಟ್ ಪೈಪುಗಳ ನಡುವೆ, ಬೇಲಿಯ ಸಂದಿಯಲ್ಲಿ, ತನ್ನ ಸೀಮೆಯ ಗಸ್ತು ತಿರುಗುವಂತೆ ನಡೆಯುತ್ತದೆ. ಎದುರಿಗೆ ಬಿಳಿ ಬೆಕ್ಕೊಂದು ಸಿಗುತ್ತದೆ. ಕಚ್ಚಾಟ. ಬಿಳಿಯದು ಓಡಿಹೋಗುತ್ತದೆ, ಕರಿಯದು ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಅಷ್ಟೇ.

ಹೇಳಿದರೆ ಏನೂ ಇಲ್ಲ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಯಾಕೆಂದು ತಿಳಿಯಲು ನಾನು ಅದನ್ನು ಶಬ್ದ ಮ್ಯೂಟ್ ಮಾಡಿ ನೋಡಿದೆ. ಮೊದಲನೆಯದು, ಕ್ಯಾಮೆರಾ ಬೆಕ್ಕಿನ ಎತ್ತರಕ್ಕೆ ಇಳಿದಿದೆ. ದಿನವೂ ಮೇಲಿನಿಂದ ಕಾಣುವ, ಕಾಲಿಗೆ ಸಿಕ್ಕಿಕೊಳ್ಳುವ ಪ್ರಾಣಿ ಅಲ್ಲಿ ತೆರೆ ತುಂಬುವ ಹುಲಿಯಾಗಿದೆ. ಇನ್ನೊಂದು, ವೇಗ. ಸಿನಿಮಾ ತೆರೆಯ ಮೇಲೆ ಓಡುವುದು ಸೆಕೆಂಡಿಗೆ 24 ಫ್ರೇಮ್. ಚಿತ್ರೀಕರಿಸುವಾಗ ಸೆಕೆಂಡಿಗೆ 48 ಫ್ರೇಮ್ ಹಿಡಿದರೆ ಅದೇ ಚಲನೆ ತೆರೆಯ ಮೇಲೆ ಎರಡು ಪಟ್ಟು ನಿಧಾನವಾಗುತ್ತದೆ. ಸ್ಲೋಮೋಷನ್ನಿನ ಲೆಕ್ಕ ಇಷ್ಟೇ. ನಿಧಾನವಾದಾಗ ಬೆಕ್ಕಿನ ಭುಜದ ಸ್ನಾಯು ತುಪ್ಪಳದ ಕೆಳಗೆ ಜಾರುವುದು ಕಾಣುತ್ತದೆ. ಸುಮ್ಮನೆ ಓಡಾಡುವ ಬೆಕ್ಕಿಗೆ ಒಂದು ದುರುದ್ದೇಶ ಬಂದುಬಿಡುತ್ತದೆ. ಬೆಕ್ಕು ಬದಲಾಗಿಲ್ಲ, ಎತ್ತರ ಮತ್ತು ವೇಗ ಮಾತ್ರ ಬದಲಾಗಿವೆ. ಆ ಸಿನಿಮಾದಲ್ಲಿ ನೆನಪಿಡುವಂಥದ್ದು ಟೈಟಲ್ ಒಂದೇ ಎಂಬ ಮಾತು ಆಗಲೇ ಹುಟ್ಟಿತು, ಇವತ್ತಿಗೂ ಓಡಾಡುತ್ತಿದೆ. ಇಂಥ ಹೊಗಳಿಕೆ ಬ್ಯಾಸ್‌ಗೆ ಎಷ್ಟು ಒಳ್ಳೆಯದು ಮಾಡಿತೋ ಕೆಟ್ಟದ್ದನ್ನೂ ಅಷ್ಟೇ ಮಾಡಿರಬೇಕು. ತನ್ನ ಚಿತ್ರಕ್ಕಿಂತ ಟೈಟಲ್ ಚೆನ್ನಾಗಿದೆ ಎನ್ನಿಸಿಕೊಳ್ಳಲು ಯಾವ ನಿರ್ದೇಶಕ ತಾನೇ ಬಯಸುತ್ತಾನೆ?

1966ರಲ್ಲಿ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್‌ಗೆ ಎರಡು ಟೈಟಲ್ ಮಾಡಿದ. ‘ಗ್ರಾನ್ ಪ್ರಿ’ ಕಾರ್ ರೇಸಿನ ಚಿತ್ರ. ಎಕ್ಸಾಸ್ಟ್ ಪೈಪಿನ ಕಪ್ಪು ಬಾಯಿ, ನಟ್ ಬಿಗಿಯುವ ಸ್ಪ್ಯಾನರ್, ಚಾಲಕನ ಕಣ್ಣು, ಒಂದೇ ಚಿತ್ರ ತೆರೆಯ ತುಂಬ ಹತ್ತಾರು ಚೌಕಗಳಾಗಿ ಒಡೆಯುವುದು. ರೇಸ್ ಶುರುವಾಗುವ ಮುಂಚಿನ ಆ ಬಿಗಿತವೇ ಅಲ್ಲಿನ ವಿಷಯ. ಇನ್ನೊಂದು ‘ಸೆಕೆಂಡ್ಸ್’. ನಡುವಯಸ್ಸಿನ ಬ್ಯಾಂಕ್ ಅಧಿಕಾರಿಯೊಬ್ಬನಿಗೆ ಒಂದು ಕಂಪನಿ ಹೊಸ ಮುಖ, ಹೊಸ ಬದುಕು ಮಾರುತ್ತದೆ. ಇದರ ಕಪ್ಪು ಬಿಳುಪು ಟೈಟಲ್‌ನಲ್ಲಿ ಮತ್ತೆ ಮನುಷ್ಯನ ಮುಖವೇ, ‘ವರ್ಟಿಗೊ’ಗಿಂತಲೂ ಹತ್ತಿರ. ಆದರೆ ಈ ಬಾರಿ ಮುಖವನ್ನು ನೇರ ಹಿಡಿಯದೆ, ಬಾಗುವ ಹೊಳಪಿನ ಮೇಲ್ಮೈಯಲ್ಲಿ ಅದರ ಪ್ರತಿಬಿಂಬವನ್ನು ಹಿಡಿದರು. ಕಣ್ಣು ಹಿಗ್ಗುತ್ತದೆ, ಬಾಯಿ ಎಳೆದುಕೊಂಡು ಸೋರುತ್ತದೆ, ಕಿವಿ ಯಾವುದೋ ಪ್ರಾಣಿಯಾಗುತ್ತದೆ. ಜಾತ್ರೆಯ ಕನ್ನಡಿ ಮನೆಯಲ್ಲಿ ನಗು ತರಿಸುವ ತಂತ್ರವೇ ಇದು, ಇಲ್ಲಿ ನಗು ಬರುವುದಿಲ್ಲ. ಅಲ್ಲಿ ನಮ್ಮ ಇಡೀ ದೇಹ ಕಾಣುತ್ತದೆ, ಸುತ್ತ ಗೆಳೆಯರಿರುತ್ತಾರೆ. ಇಲ್ಲಿ ಬರೀ ಚರ್ಮ, ಸುತ್ತ ಕತ್ತಲೆ. ಮುಖವೆಂದರೆ ಬದಲಾಯಿಸಬಹುದಾದ ಒಂದು ಮುದ್ದೆ ಅಷ್ಟೇ ಎನ್ನುವುದು ಕಂಪನಿಯವರು ಬಾಯಿ ತೆರೆಯುವ ಮೊದಲೇ ನಮಗೆ ಗೊತ್ತಾಗಿರುತ್ತದೆ.

ಆಮೇಲೆ ಗಾಳಿ ತಿರುಗಿತು. ಟೈಟಲ್‌ಗೆಂದೇ ಪ್ರತ್ಯೇಕವಾಗಿ ಚಿತ್ರೀಕರಿಸುವುದು ಹಳೆಯ ಫ್ಯಾಷನ್ ಎನಿಸತೊಡಗಿತು. ನೇರ ಮೊದಲ ದೃಶ್ಯಕ್ಕೆ ನುಗ್ಗಿ ಅದರ ಮೇಲೆಯೇ ಹೆಸರು ಹಾಕುವುದು ಹೊಸ ರೂಢಿಯಾಯಿತು. ಬ್ಯಾಸ್ ಹೊಟ್ಟೆಗಿಲ್ಲದೆ ಕೂರಲಿಲ್ಲ. ಕಂಪನಿಗಳ ಲಾಂಛನಗಳು ಅವನ ಕೈಯಲ್ಲಿದ್ದವು. 1969ರಲ್ಲಿ ಬೆಲ್ ಟೆಲಿಫೋನಿನ ಗಂಟೆ, 1974ರಲ್ಲಿ ಯುನೈಟೆಡ್ ಏರ್‌ಲೈನ್ಸ್, 1983ರಲ್ಲಿ ಎಟಿ ಅಂಡ್ ಟಿಯ ಗೆರೆ ಗೆರೆ ಗೋಳ. ಹೆಸರು ಗೊತ್ತಿಲ್ಲದವರೂ ಅವನ ಕೆಲಸವನ್ನು ದಿನವೂ ನೋಡುತ್ತಿದ್ದರು. ‘ವೈ ಮ್ಯಾನ್ ಕ್ರಿಯೇಟ್ಸ್’ ಎಂಬ 1968ರ ಕಿರುಚಿತ್ರಕ್ಕೆ ಆಸ್ಕರ್ ಕೂಡ ಬಂತು. ಆದರೆ ಅವನಿಗೆ ಬೇಕಿದ್ದುದು ಪೂರ್ತಿ ಉದ್ದದ ಸಿನಿಮಾ.

ಅದು ಸಿಕ್ಕಿದ್ದು 1974ರಲ್ಲಿ, ‘ಫೇಸ್ ಫೋರ್’. ಮರುಭೂಮಿಯ ಇರುವೆಗಳೆಲ್ಲ ಒಂದಾಗಿ ಮನುಷ್ಯರನ್ನು ಎದುರಿಸುವ ಕತೆ. ಕೀಟಗಳ ಕ್ಲೋಸಪ್ ತೆಗೆಯುವುದರಲ್ಲಿ ಪಳಗಿದ ಕೆನ್ ಮಿಡಲ್‌ಹ್ಯಾಮ್ ಇರುವೆಗಳ ಭಾಗವನ್ನು ಚಿತ್ರೀಕರಿಸಿದ. ಅವು ಗುಂಪುಗೂಡಿ ಸಭೆ ನಡೆಸುತ್ತಿವೆಯೋ ಎನ್ನಿಸುವ ಶಾಟುಗಳು ಇವತ್ತಿಗೂ ದಂಗುಬಡಿಸುತ್ತವೆ. ಮನುಷ್ಯರು ಮಾತಾಡುವ ಭಾಗ ಮಾತ್ರ ಸಪ್ಪೆ. ನಿರ್ಮಾಣ ಸಂಸ್ಥೆ ಚಿತ್ರದ ವಿಚಿತ್ರ ಕೊನೆಯನ್ನು ಕತ್ತರಿಸಿ ಬಿಡುಗಡೆ ಮಾಡಿತು. ಚಿತ್ರ ಓಡಲಿಲ್ಲ. ಕತ್ತರಿಸಿದ ಆ ತುಣುಕು ಪ್ರೇಕ್ಷಕರ ಕಣ್ಣಿಗೆ ಬಿದ್ದದ್ದು 2012ರಲ್ಲಿ. ಬ್ಯಾಸ್ ಮತ್ತೊಂದು ಪೂರ್ಣ ಚಿತ್ರವನ್ನು ಮಾಡಲೇ ಇಲ್ಲ.

ಮುಂದಿನ ಹದಿಮೂರು ವರ್ಷ ಹಾಲಿವುಡ್‌ನ ಟೈಟಲ್‌ಗಳಲ್ಲಿ ಅವನ ಸುಳಿವು ಅಪರೂಪ. 1987ರಲ್ಲಿ ‘ಬ್ರಾಡ್‌ಕಾಸ್ಟ್ ನ್ಯೂಸ್’ ಚಿತ್ರಕ್ಕೆ ಕರೆ ಬಂದಾಗ ಅವನಿಗೆ 67. ಹುಡುಗರಾಗಿದ್ದಾಗ ಅವನ ಟೈಟಲ್‌ಗಳನ್ನು ಕಣ್ಣರಳಿಸಿ ನೋಡಿದವರು ಆ ಹೊತ್ತಿಗೆ ತಾವೇ ನಿರ್ದೇಶಕರಾಗಿದ್ದರು. ಅವರಲ್ಲಿ ಒಬ್ಬ ಮಾರ್ಟಿನ್ ಸ್ಕೊರ್ಸೆಸಿ. ‘ಗುಡ್‌ಫೆಲಾಸ್’, ‘ಕೇಪ್ ಫಿಯರ್’, ‘ದ ಏಜ್ ಆಫ್ ಇನೊಸೆನ್ಸ್’, ‘ಕಸಿನೊ’ ಹೀಗೆ ಆರು ವರ್ಷದಲ್ಲಿ ನಾಲ್ಕು ಚಿತ್ರಕ್ಕೆ ಅವರನ್ನು ಕರೆದ. ಅವರನ್ನು ಎಂದೆ, ಏಕೆಂದರೆ ಈಗ ತೆರೆಯ ಮೇಲೆ ಎಲೇನ್ ಮತ್ತು ಸಾಲ್ ಬ್ಯಾಸ್ ಎಂದು ಎರಡೂ ಹೆಸರು ಬರುತ್ತಿದ್ದವು.

‘ಕೇಪ್ ಫಿಯರ್’ನಲ್ಲಿ ಅಲುಗುವ ನೀರು ಮತ್ತು ಅದರಲ್ಲಿನ ಬಿಂಬಗಳು. 1993ರ ‘ದ ಏಜ್ ಆಫ್ ಇನೊಸೆನ್ಸ್’ನಲ್ಲಿ ಹೂವುಗಳು. ನೋಡಲು ಇದಕ್ಕಿಂತ ಸೌಮ್ಯವಾದದ್ದು ಇರಲಾರದು. ಮೊಗ್ಗು ಅರಳುತ್ತದೆ, ಅದರ ಮೇಲೆ ಲೇಸಿನ ಕುಸುರಿ, ಅದರ ಮೇಲೆ ಹಳೆಯ ಕೈಬರಹ. ಹಲವು ಹೊತ್ತು ತೆಗೆದುಕೊಂಡು ಅರಳುವ ಹೂವನ್ನು ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದೇ ಫ್ರೇಮ್ ಹಿಡಿದು ಓಡಿಸಿದರೆ ಕ್ಷಣದಲ್ಲಿ ಅರಳಿಬಿಡುತ್ತದೆ. ಬೆಕ್ಕನ್ನು ನಿಧಾನ ಮಾಡಿದ್ದಕ್ಕೆ ತೀರಾ ಉಲ್ಟಾ. ಒಂದಾದ ಮೇಲೊಂದು ಹೂವು ಬಿಚ್ಚಿಕೊಳ್ಳುತ್ತ, ಸಂಗೀತ ಏರುತ್ತ, ವೇಗ ಹೆಚ್ಚುತ್ತ ಹೋದಂತೆ ಚೆಂದದ ಹೂವೇ ಉಸಿರುಗಟ್ಟಿಸತೊಡಗುತ್ತದೆ. ಮೇಲಿನ ಲೇಸು ಬಲೆಯಂತೆ ಕಾಣುತ್ತದೆ. 1870ರ ದಶಕದ ನ್ಯೂಯಾರ್ಕ್‌ನ ಶ್ರೀಮಂತ ಮನೆಗಳಲ್ಲಿ ಮರ್ಯಾದೆಯ ಕೆಳಗೆ ಹೂತಿಟ್ಟ ಆಸೆಯ ಕತೆ ಅದು. ಒಂದು ಮಾತೂ ಆಡದೆ ಹೂವು ಮತ್ತು ಬಟ್ಟೆ ಅದನ್ನು ಹೇಳಿ ಮುಗಿಸಿರುತ್ತವೆ.

‘ಕಸಿನೊ’ 1995ರ ನವೆಂಬರ್‌ನಲ್ಲಿ ಬಂತು. ರಾಬರ್ಟ್ ಡಿ ನಿರೊ ಕಾರಿನೊಳಗೆ ಕೂತು ಸ್ಟಾರ್ಟ್ ಮಾಡುತ್ತಾನೆ, ಕಾರು ಸ್ಫೋಟಿಸುತ್ತದೆ. ಅಲ್ಲಿಂದ ಟೈಟಲ್. ಬೆಂಕಿಯಲ್ಲಿ ಒಂದು ಮನುಷ್ಯಾಕೃತಿ ತೇಲುತ್ತ, ಉರುಳುತ್ತ ಬೀಳುತ್ತಿದೆ. ಬೆಂಕಿ ಲಾಸ್ ವೇಗಸ್‌ನ ನಿಯಾನ್ ದೀಪಗಳಾಗುತ್ತದೆ, ದೀಪಗಳು ಮತ್ತೆ ಬೆಂಕಿಯಾಗುತ್ತವೆ. ಹಿನ್ನೆಲೆಯಲ್ಲಿ ಬಾಕ್‌ನ ಚರ್ಚ್ ಸಂಗೀತ. ಫೋಕಸ್ ತಪ್ಪಿಸಿ ಹಿಡಿದ ದೀಪಗಳು ಯಾವ ಊರಿನವಾದರೂ ಚೆಂದವೇ, ಆದರೆ ಇಲ್ಲಿ ಬೀಳುತ್ತಿರುವವನನ್ನು ಮೊದಲು ತೋರಿಸಿರುವುದರಿಂದ ಆ ಚೆಂದವೆಲ್ಲ ನರಕದ್ದು ಎನ್ನಿಸುತ್ತದೆ.

ಅದಾಗಿ ಐದು ತಿಂಗಳಿಗೆ, 1996ರ ಏಪ್ರಿಲ್ 25ರಂದು, ಸಾಲ್ ಬ್ಯಾಸ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಕ್ಯಾನ್ಸರ್ ಆಗಿತ್ತು. 76 ತುಂಬಲು ಎರಡು ವಾರ ಬಾಕಿ ಇತ್ತು.